ಕೈಗಾದಲ್ಲಿ ಸುರಕ್ಷತಾ ಅನುಸರಣೆ: ಕಡತದಿಂದ ಪಂಪ್‌ಹೌಸ್‌ವರೆಗೆ

ನಿಯಂತ್ರಣ ಮಂಡಳಿಯಿಂದ ಬಂದ ಒಂದು ಶಿಫಾರಸಿನ ಮುಂದೆ ‘ಪೂರ್ಣಗೊಂಡಿದೆ’ ಎಂದು ಬರೆಯಲು ಐದು ನಿಮಿಷ ಸಾಕು. ಅದು ನಿಜವಾಗಿ ಪೂರ್ಣಗೊಳ್ಳಲು ಕೆಲವು ಸಲ ಎರಡು ಶಟ್‌ಡೌನ್ (ಘಟಕದ ನಿಲುಗಡೆ) ಹಿಡಿಯುತ್ತದೆ. ಅಣುವಿದ್ಯುತ್ ಸ್ಥಾವರದಲ್ಲಿ ಅನುಸರಣೆಯ, ಅಂದರೆ ಸುರಕ್ಷತಾ ನಿಯಮ, ಶಿಫಾರಸುಗಳು ಪಾಲನೆಯಾಗುವಂತೆ ನೋಡುವ, ಹೊಣೆ ಹೊತ್ತವರು ದಿನವೂ ಗುದ್ದಾಡುವುದು ಈ ಅಂತರದ ಜತೆಗೇ. ಕೈಗಾದಂಥ ಜಾಗದಲ್ಲಿ ಆ ಕೆಲಸವನ್ನು ಹೇಗೆ ನಡೆಸುತ್ತಿದ್ದೆವು, ಎಲ್ಲಿ ಜಾರುತ್ತದೆ, ಏಕೆ ಜಾರುತ್ತದೆ ಎಂಬುದನ್ನು ಈ ಕ್ಷೇತ್ರಕ್ಕೆ ಬರುವವರಿಗಾಗಿ ಬರೆಯುತ್ತಿದ್ದೇನೆ.

ಕಾಳಿ ನದಿಯ ದಂಡೆಯ ಮೇಲಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ತಂಪು ಮಾಡುವ ನೀರು ಕದ್ರಾ ಜಲಾಶಯದ್ದು. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಸತತ ಓಡಿ ಆಗಿನ ವಿಶ್ವದಾಖಲೆ ಬರೆದದ್ದು ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಅದು ಹೆಮ್ಮೆಯ ಅಂಕಿ. ಅನುಸರಣೆಯವರು ಅದೇ ಅಂಕಿಯನ್ನು ಬೇರೆ ಲೆಕ್ಕದಲ್ಲಿ ಓದುತ್ತಾರೆ: ಘಟಕ ನಿಲ್ಲದೆ ಮಾಡಲಾಗದ ಪರೀಕ್ಷೆ ಯಾವುವು, ಅವುಗಳ ಗಡುವು ಯಾವಾಗ, ಯಾವುದಕ್ಕೆ ಮೊದಲೇ ಸಮರ್ಥನೆ ಬರೆದು ಒಪ್ಪಿಗೆ ತರಬೇಕು. ಘಟಕ ಎಷ್ಟು ಚೆನ್ನಾಗಿ ಓಡುತ್ತದೋ ನಿಲುಗಡೆಯ ಪಟ್ಟಿ ಅಷ್ಟು ಉದ್ದ ಬೆಳೆಯುತ್ತದೆ.

ನಮ್ಮ ಕಾಲದಲ್ಲಿ ಎಲ್ಲಕ್ಕೂ ಬುಡ 1962ರ ಅಣುಶಕ್ತಿ ಕಾಯ್ದೆ. ಅದರ ಕೆಳಗೆ ವಿಕಿರಣ ತ್ಯಾಜ್ಯದ 1987ರ ನಿಯಮ, ಕಾರ್ಖಾನೆಗಳ 1996ರ ನಿಯಮ, ವಿಕಿರಣ ರಕ್ಷಣೆಯ 2004ರ ನಿಯಮ. 1983ರಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಇವುಗಳ ಜತೆಗೆ ಕಾರ್ಖಾನೆ ಕಾಯ್ದೆಯನ್ನೂ ಅಣು ಸ್ಥಾವರಗಳಲ್ಲಿ ತಾನೇ ಜಾರಿ ಮಾಡುತ್ತಿತ್ತು. ಹಾಗಾಗಿ ರಿಯಾಕ್ಟರಿನ ಟ್ರಿಪ್ ಸೆಟ್ಟಿಂಗಿನಿಂದ (ಅದು ತಾನಾಗಿ ನಿಲ್ಲುವ ಮಟ್ಟದಿಂದ) ಹಿಡಿದು ಅಟ್ಟಣಿಗೆಯ ಕಂಬಿಯವರೆಗೆ ಎಲ್ಲದಕ್ಕೂ ಒಂದೇ ಮಂಡಳಿಗೆ ಉತ್ತರ ಹೇಳಬೇಕಿತ್ತು. ಪರಿಶೀಲನೆಯ ಏಣಿ ಕೆಳಗಿನಿಂದ ಹೀಗಿದೆ: ಸ್ಥಾವರದೊಳಗಿನ ಕಾರ್ಯಾಚರಣೆ ಪರಿಶೀಲನಾ ಸಮಿತಿ (ಎಸ್‌ಒಆರ್‌ಸಿ), ಕೇಂದ್ರ ಕಚೇರಿಯ ಸುರಕ್ಷತಾ ಸಮಿತಿ, ಎಇಆರ್‌ಬಿಯ ಘಟಕ ಮಟ್ಟದ ಸಮಿತಿ, ಅದರ ಮೇಲೆ ಓಡುತ್ತಿರುವ ಸ್ಥಾವರಗಳ ಸುರಕ್ಷತೆ ನೋಡುವ ಸಮಿತಿ ಸಾರ್ಕಾಪ್, ಕೊನೆಗೆ ಮಂಡಳಿ. ಲೈಸೆನ್ಸ್ ಐದು ವರ್ಷಕ್ಕೆ, ಸಮಗ್ರ ಸುರಕ್ಷತಾ ಮರುಪರಿಶೀಲನೆ ಹತ್ತು ವರ್ಷಕ್ಕೊಮ್ಮೆ.

ದಿನದ ಕೆಲಸಕ್ಕೆ ಬೇಕಾಗುವುದು ಮಾತ್ರ ಒಂದೇ ಪುಸ್ತಕ, ಟೆಕ್ ಸ್ಪೆಕ್, ಅಂದರೆ ಕಾರ್ಯಾಚರಣೆಯ ತಾಂತ್ರಿಕ ನಿಬಂಧನೆಗಳು. ಮೀರಲೇಬಾರದ ಸುರಕ್ಷತಾ ಮಿತಿ, ರಕ್ಷಣಾ ವ್ಯವಸ್ಥೆಗಳ ಸೆಟ್ಟಿಂಗ್, ಘಟಕ ಓಡಿಸಲು ಇರಲೇಬೇಕಾದ ಸ್ಥಿತಿ, ಯಾವ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ, ಯಾರಿಗೆ ಯಾವ ಅಧಿಕಾರ, ಎಲ್ಲವೂ ಅದರಲ್ಲಿವೆ. ಹೊಸಬರು ಅದರ ಅಂಕಿಗಳನ್ನು ಬಾಯಿಪಾಠ ಮಾಡುತ್ತಾರೆ. ನಾನು ಅವರಿಗೆ ಓದಿಸುತ್ತಿದ್ದುದು ಪ್ರತಿ ಷರತ್ತಿನ ಕೊನೆಗೆ ಬರುವ ‘ಏಕೆ’ ಎಂಬ ಭಾಗವನ್ನು. ಕಾರಣ ಗೊತ್ತಿದ್ದವನಿಗೆ ಎರಡು ಷರತ್ತು ಒಟ್ಟಿಗೆ ಬಿದ್ದಾಗ ಯಾವುದು ಬಿಗಿ ಎಂದು ತಿಳಿಯುತ್ತದೆ. ಒಂದು ಡೀಸೆಲ್ ಜನರೇಟರ್ ರಿಪೇರಿಯಲ್ಲಿರುವಾಗಲೇ ಇನ್ನೊಂದು ಪಂಕ್ತಿಯ (ಅದೇ ರಕ್ಷಣಾ ಕೆಲಸಕ್ಕೆ ಇಟ್ಟ ಪರ್ಯಾಯ ಸಾಲಿನ) ಪಂಪಿಗೆ ಪರ್ಮಿಟ್ (ಕೆಲಸದ ಅನುಮತಿ ಚೀಟಿ) ಕೇಳಿ ಬಂದರೆ, ಎರಡೂ ಬೇರೆ ಬೇರೆಯಾಗಿ ಅನುಮತಿಸಿದ ಕೆಲಸವೇ. ಒಟ್ಟಿಗೆ ಮಾಡಿದರೆ ಒಂದು ರಕ್ಷಣಾ ಕೆಲಸಕ್ಕೆ ಎರಡೂ ದಾರಿ ಮುಚ್ಚಿದಂತೆ.

ಮಂಡಳಿಯ ಶಿಫಾರಸುಗಳಿಗಾಗಿ ನಾವು ಕಟ್ಟಿದ ರಿಜಿಸ್ಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಶಿಫಾರಸು ಬಂದ ಪತ್ರದ ಸಂಖ್ಯೆ, ದಿನಾಂಕ, ಶಿಫಾರಸಿನ ವಾಕ್ಯ ಇದ್ದ ಹಾಗೇ. ಇಲ್ಲಿ ಯಾರೂ ಸಾರಾಂಶ ಬರೆಯಬಾರದು. ‘ಸ್ಥಾವರವು ಪರಿಶೀಲಿಸಿ ಅಳವಡಿಸತಕ್ಕದ್ದು’ ಎಂಬುದು ಸಾರಾಂಶದಲ್ಲಿ ‘ಪರಿಶೀಲನೆ’ ಅಂತಾಗುತ್ತದೆ, ಎರಡು ವರ್ಷ ಬಿಟ್ಟು ನೋಡಿದರೆ ಪರಿಶೀಲನಾ ವರದಿ ಇರುತ್ತದೆ, ಅಳವಡಿಕೆ ಇರುವುದಿಲ್ಲ. ಮುಂದಿನ ಅಂಕಣದಲ್ಲಿ ಅದನ್ನು ತುಂಡು ಮಾಡಿದ ಕೆಲಸಗಳು, ಒಂದೊಂದಕ್ಕೂ ಒಂದು ಹುದ್ದೆ. ವ್ಯಕ್ತಿಯ ಹೆಸರಲ್ಲ, ಹುದ್ದೆಯೇ ಬೇಕು. ವರ್ಗಾವಣೆಯಾದರೆ ಹೆಸರು ರಾಜಸ್ಥಾನದ ರಾವತ್‌ಭಾಟ ಸ್ಥಾವರಕ್ಕೆ ಹೋಗುತ್ತದೆ, ಕೆಲಸ ಇಲ್ಲೇ ಉಳಿಯುತ್ತದೆ. ಆಮೇಲೆ ‘ಘಟಕ ಓಡುವಾಗ ಸಾಧ್ಯವೇ, ನಿಲುಗಡೆ ಬೇಕೇ’ ಎಂಬ ಅಂಕಣ. ಕೊನೆಯದು ಪುರಾವೆ.

ಪುರಾವೆ ಎಂದರೆ ಕಾರ್ಯಾದೇಶದ ಪ್ರತಿ ಅಲ್ಲ, ಸಾಮಾನು ಬಂದ ರಸೀದಿಯೂ ಅಲ್ಲ. ಉದಾಹರಣೆಗೆ ಒಂದು ಲೆವೆಲ್ ಸ್ವಿಚ್ಚಿನ (ದ್ರವ ಒಂದು ಮಟ್ಟ ಮುಟ್ಟಿದಾಗ ಮಾತ್ರ ಸೂಚಿಸುವ ಉಪಕರಣದ) ಬದಲಿಗೆ ಮಟ್ಟವನ್ನು ಸತತ ತೋರಿಸುವ ಟ್ರಾನ್ಸ್‌ಮಿಟರ್ ಹಾಕಲು ಹೇಳಿದ್ದರೆ ನಾವು ಐದು ಕಡೆ ಹುಡುಕುತ್ತಿದ್ದೆವು: ಜಾಗದಲ್ಲಿ ಟ್ರಾನ್ಸ್‌ಮಿಟರ್ ಮತ್ತು ಅದರ ಟ್ಯಾಗ್, ಕಂಟ್ರೋಲ್ ರೂಮಿನ ನಕ್ಷೆಯ ಪ್ರತಿಯಲ್ಲಿ ತಿದ್ದುಪಡಿ, ಕಾರ್ಯಾಚರಣೆ ಮತ್ತು ಮಾಪನಾಂಕ ನಿರ್ಣಯದ ವಿಧಾನಪತ್ರ, ಉಗ್ರಾಣದ ಬಿಡಿಭಾಗದ ಪಟ್ಟಿ, ತರಬೇತಿ ಕೇಂದ್ರದ ಪಾಠ. ಮೊದಲನೆಯದು ಯಾವತ್ತೂ ಇರುತ್ತದೆ. ತಪ್ಪುವುದು ಹೆಚ್ಚಾಗಿ ಎರಡನೆಯದು ಮತ್ತು ನಾಲ್ಕನೆಯದು. ಎಂಜಿನಿಯರಿಂಗ್ ವಿಭಾಗದ ಮೂಲ ನಕ್ಷೆ ತಿದ್ದಿರುತ್ತದೆ, ರಾತ್ರಿ ಪಾಳಿಯವರು ಬಿಚ್ಚಿ ನೋಡುವ ಮಾಸಿದ ಪ್ರತಿ ಹಳೆಯದೇ ಆಗಿರುತ್ತದೆ. ಐಸೊಲೇಶನ್ (ರಿಪೇರಿಗೆ ಮೊದಲು ಉಪಕರಣವನ್ನು ಬೇರ್ಪಡಿಸುವುದು) ತಪ್ಪುವುದು ಆ ಮಾಸಿದ ಪ್ರತಿಯಿಂದ. ಉಗ್ರಾಣದಲ್ಲಿ ಹಳೆ ಸ್ವಿಚ್ಚೇ ಉಳಿದಿದ್ದರೆ ಮೂರು ವರ್ಷದ ನಂತರ ಯಾರೋ ಅವಸರದಲ್ಲಿ ಅದನ್ನೇ ಮತ್ತೆ ಕೂರಿಸುತ್ತಾರೆ. ಆದ್ದರಿಂದ ಮುಚ್ಚುವ ಸಹಿ ಹಾಕುವವನು ಆ ಕೆಲಸ ಮಾಡಿದ ವಿಭಾಗದವನಾಗಿರಬಾರದು, ಮತ್ತು ಜಾಗಕ್ಕೆ ಹೋಗಿಯೇ ಸಹಿ ಹಾಕಬೇಕು ಎಂಬ ನಿಯಮ ಇಟ್ಟುಕೊಂಡಿದ್ದೆವು. ಬಾಕಿ ಪಟ್ಟಿ ಇದರಿಂದ ಉದ್ದವಾಗಿ ಕಾಣುತ್ತದೆ. ಕಾಣಲಿ.

ಸರ್ವೇಲೆನ್ಸ್ ಟೆಸ್ಟುಗಳಲ್ಲಿ, ಅಂದರೆ ಟೆಕ್ ಸ್ಪೆಕ್ ಹೇಳಿದ ಅವಧಿಗೊಮ್ಮೆ ಮಾಡುವ ಪರೀಕ್ಷೆಗಳಲ್ಲಿ, ಗಡುವು ತಪ್ಪುವುದು ದೊಡ್ಡ ವಿಷಯವಾಗುತ್ತದೆ, ಆದರೆ ಗಡುವು ಕಾಯಲು ಗಣಕಯಂತ್ರ ಇದೆ. ಅದಕ್ಕೆ ಸಿಗದ ತೊಂದರೆ ಇನ್ನೊಂದಿದೆ: ಪರೀಕ್ಷೆಗೆ ಮುನ್ನ ಯಂತ್ರವನ್ನು ‘ತಯಾರು’ ಮಾಡುವುದು. ಡೀಸೆಲ್ ಜನರೇಟರನ್ನು ತಿಂಗಳ ಪರೀಕ್ಷೆಗೆ ಹಚ್ಚುವ ಮೊದಲು ಸ್ಟಾರ್ಟಿಂಗ್ ಏರ್ ರಿಸೀವರಿನ (ಎಂಜಿನ್ ಹಚ್ಚುವ ಗಾಳಿಯ ಟ್ಯಾಂಕಿನ) ಒತ್ತಡ ಏರಿಸಿ, ಫಿಲ್ಟರ್ ತೊಳೆದು, ಕೈಯಿಂದ ಒಂದೆರಡು ಸುತ್ತು ತಿರುಗಿಸಿದರೆ ಅದು ಖಂಡಿತ ಹಚ್ಚಿಕೊಳ್ಳುತ್ತದೆ. ಗ್ರಿಡ್ ಹೋದ ಮಧ್ಯರಾತ್ರಿ ಯಾರೂ ಹೀಗೆ ತಯಾರು ಮಾಡಿಕೊಡುವುದಿಲ್ಲ. ಯಂತ್ರದ ಸುರಕ್ಷತೆಗೆ ಬೇಕೇ ಬೇಕಾದ ಸಿದ್ಧತೆ ಯಾವುದು ಎಂದು ವಿಧಾನಪತ್ರದಲ್ಲೇ ಬರೆದು, ಅದರಾಚೆ ಏನನ್ನೂ ಮುಟ್ಟದೆ, ಇದ್ದ ಸ್ಥಿತಿಯ ರೀಡಿಂಗ್ ಮೊದಲು ಬರೆದುಕೊಳ್ಳಬೇಕು. ಮಾಪಕಗಳಿಗೂ ಇದೇ ನ್ಯಾಯ. ಸರಿಪಡಿಸುವ ಮೊದಲಿನ ರೀಡಿಂಗ್ ಬರೆಯದೆ ಸರಿಪಡಿಸಿದ ನಂತರದ್ದು ಮಾತ್ರ ಬರೆದರೆ ಆ ಮಾಪಕ ಎಷ್ಟು ಜಾರಿತ್ತು ಎಂಬುದು ಶಾಶ್ವತವಾಗಿ ಕಳೆದುಹೋಗುತ್ತದೆ. ಒಂದೇ ಅಳತೆಯನ್ನು ಬೇರೆ ಬೇರೆಯಾಗಿ ತೆಗೆಯುವ ಮೂರು ಚಾನೆಲ್‌ಗಳೂ ಒಂದೇ ದಿಕ್ಕಿಗೆ ಜಾರುತ್ತಿದ್ದರೆ ಅದನ್ನು ತಿಳಿಯಲು ಬೇರೆ ದಾರಿ ಇಲ್ಲ.

ಇನ್ನು ನಮ್ಮ ಮಳೆ. ಬಯಲುಸೀಮೆಯ ಸ್ಥಾವರದವರಿಗೆ ಇಲ್ಲದ ಒಂದು ಅಧ್ಯಾಯವೇ ಇದು. ಮೇ ಎರಡನೇ ವಾರದೊಳಗೆ ಮುಗಿಯಬೇಕಾದ ಕೆಲಸಗಳಿಗೆ ಬೇರೆ ಪಟ್ಟಿ ಇರುತ್ತಿತ್ತು. ಮೊದಲ ದೊಡ್ಡ ಮಳೆಗೆ ಗುಡ್ಡದ ದರಕು (ಒಣ ಎಲೆ), ಕಡ್ಡಿ, ಜಲಕಳೆ ಎಲ್ಲ ಜಲಾಶಯಕ್ಕೆ ಇಳಿದು ಸ್ಥಾವರ ನೀರೆಳೆಯುವ ಇಂಟೇಕ್ ಕಡೆ ಸೇರುತ್ತವೆ. ಟ್ರ್ಯಾಶ್ ರ‍್ಯಾಕಿನ (ಕಸ ತಡೆಯುವ ಕಂಬಿಸಾಲಿನ) ಎರಡೂ ಬದಿಯ ನೀರಿನ ಮಟ್ಟದ ವ್ಯತ್ಯಾಸ ಆಗ ಗಂಟೆಗಂಟೆಗೆ ನೋಡಬೇಕು, ಟ್ರಾವೆಲಿಂಗ್ ಸ್ಕ್ರೀನಿನ (ಸುತ್ತುತ್ತ ಕಸ ಎತ್ತುವ ಜಾಲರಿಯ) ತೊಳೆಯುವ ನಾಸಲ್‌ಗಳು ಅದಕ್ಕೆ ಮೊದಲೇ ಬಿಚ್ಚಿ ತೆಗೆದು ನೋಡಿರಬೇಕು. ಸ್ಕ್ರೀನ್ ತಿರುಗುತ್ತಿದೆ ಎಂಬುದು ಸಾಲದು. ನಾಸಲ್ ಕಟ್ಟಿಕೊಂಡಿದ್ದರೆ ಕಸ ಮೇಲೆ ಬಂದು ಸುತ್ತು ಹೊಡೆದು ಮತ್ತೆ ಕೆಳಗೇ ಇಳಿಯುತ್ತದೆ.

ತೇವದ ಕಾಟ ಇನ್ನೂ ಸೂಕ್ಷ್ಮ. ನಿಂತಿರುವ 6.6 ಕೆವಿ ಮೋಟರುಗಳ ಒಳಗನ್ನು ಒಣಗಿಸಿಡುವ ಸ್ಪೇಸ್ ಹೀಟರ್ ಆನ್ ಇದೆಯೇ ಎಂದು ಸ್ವಿಚ್ ನೋಡಿ ಬರೆಯುವುದು ವಾಡಿಕೆ. ನೋಡಬೇಕಾದ್ದು ಹೀಟರ್ ಎಳೆಯುವ ಕರೆಂಟನ್ನು, ಕ್ಲಾಂಪ್ ಮೀಟರ್ ಹಾಕಿ. ಫ್ಯೂಸ್ ಹೋದ ಹೀಟರಿನ ಸ್ವಿಚ್ಚೂ ಆನ್‌ನಲ್ಲೇ ಇರುತ್ತದೆ. ಮೆಗ್ಗರ್ (ವೈಂಡಿಂಗಿನ ನಿರೋಧನ ಅಳೆಯುವ ಮೀಟರ್) ಹಾಕುವಾಗ ಒಂದು ನಿಮಿಷದ ರೀಡಿಂಗ್ ಮಾತ್ರ ಬರೆದರೆ ತೇವ ಕಾಣದು, ಹತ್ತು ನಿಮಿಷದ್ದನ್ನೂ ತೆಗೆದು ಒಂದು ನಿಮಿಷದ್ದರಿಂದ ಭಾಗಿಸಬೇಕು. ಆ ಅನುಪಾತ 2ಕ್ಕಿಂತ ಕೆಳಗಿದ್ದರೆ ವೈಂಡಿಂಗ್ ಒದ್ದೆಯಾಗಿದೆ ಅಥವಾ ಕೊಳೆಯಾಗಿದೆ ಎಂದು ಅನುಮಾನಿಸಬೇಕು. ಹೊರಗಿನ ಜಂಕ್ಷನ್ ಬಾಕ್ಸುಗಳಲ್ಲಿ ಕೇಬಲ್ ಮೇಲಿನಿಂದ ಒಳಹೋಗಿದ್ದರೆ ಗ್ಲ್ಯಾಂಡ್ (ಕೇಬಲ್ ಸುತ್ತಲಿನ ಬಿಗಿ ಬಿರಡೆ) ಎಷ್ಟು ಬಿಗಿದರೂ ನೀರು ಇಳಿಯುತ್ತದೆ, ಕೆಳಗಿನಿಂದ ತರಿಸುವುದೇ ಪರಿಹಾರ. ನರೇಂದ್ರ, ಗುತ್ತೂರಿನ ಕಡೆ ಹೋಗುವ 400 ಕೆವಿ ಲೈನುಗಳು ಕಾಡು ದಾಟಿ ಹೋಗುತ್ತವೆ. ಗಾಳಿಮಳೆಯ ದಿನ ಗ್ರಿಡ್ ಅಲುಗಾಡುವ ಸಾಧ್ಯತೆ ಹೆಚ್ಚು ಎಂದು ಗೊತ್ತಿದ್ದೇ ಜೂನ್–ಜುಲೈಯಲ್ಲಿ ಡೀಸೆಲ್ ಜನರೇಟರಿನ ದೊಡ್ಡ ರಿಪೇರಿ ಇಟ್ಟುಕೊಳ್ಳುತ್ತಿರಲಿಲ್ಲ. ಟೆಕ್ ಸ್ಪೆಕ್ ಬೇಡ ಅನ್ನುವುದಿಲ್ಲ, ಊರಿನ ಹವೆ ಬೇಡ ಅನ್ನುತ್ತದೆ.

ವಿಕಿರಣದ ವಿಷಯಕ್ಕೆ ಬಂದರೆ ಭಾರಜಲ ಸ್ಥಾವರದಲ್ಲಿ ತಲೆನೋವು ಟ್ರಿಟಿಯಂ, ಅಂದರೆ ವಿಕಿರಣಶೀಲ ಹೈಡ್ರೋಜನ್. ಅದರ ಬೀಟಾ ಕಿರಣದ ಗರಿಷ್ಠ ಶಕ್ತಿ 18.6 ಕೆಇವಿ ಮಾತ್ರ. ಚರ್ಮ ದಾಟಿ ಒಳಗೆ ಬಾರದು, ಎದೆಯ ಮೇಲೆ ಡೋಸ್ ಅಳೆಯಲು ಹಾಕುವ ಟಿಎಲ್‌ಡಿ ಬ್ಯಾಡ್ಜಿಗೂ ಕಾಣದು. ಒಳಗೆ ಹೋದದ್ದು ತಿಳಿಯುವುದು ಮೂತ್ರದ ಮಾದರಿಯಿಂದಲೇ. 2009ರ ನವೆಂಬರಿನಲ್ಲಿ ಕೈಗಾದ ಒಂದು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿದ ಪ್ರಕರಣ ಹೊರಬಿದ್ದದ್ದೂ ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿಯೇ. ಇಲ್ಲಿ ಸಮಯ ಮುಖ್ಯ. ಟ್ರಿಟಿಯಂ ಇರುವ ನೀರಿನ ಆವಿ ದೇಹದ ನೀರಿನೊಂದಿಗೆ ಪೂರ್ತಿ ಬೆರೆಯಲು ಸುಮಾರು ಎರಡು ಗಂಟೆ ಬೇಕು. ಕೆಲಸ ಮುಗಿಸಿ ಬಂದ ಕೂಡಲೇ ಕೊಟ್ಟ ಮಾದರಿಯಲ್ಲಿ ಕೆಲಸಕ್ಕೆ ಮೊದಲಿನ ಮೂತ್ರವೇ ಹೆಚ್ಚಿರುತ್ತದೆ, ಅಂಕಿ ಕಡಿಮೆ ತೋರುತ್ತದೆ. ಮೊದಲು ಮೂತ್ರ ಖಾಲಿ ಮಾಡಿಸಿ, ಎರಡು ಗಂಟೆಯ ಮೇಲೆ ಇನ್ನೊಂದು ಮಾದರಿ ತೆಗೆಯಬೇಕು. ಮನೆಗೆ ಹೋಗುವ ಬಸ್ಸು ಆಗಲೇ ಗೇಟಿನಲ್ಲಿ ನಿಂತಿರುತ್ತದೆ. ಮಾದರಿಗಳು ತಪ್ಪುವುದು ಆ ಬಸ್ಸಿನಿಂದ. ಗುತ್ತಿಗೆ ಕೆಲಸಗಾರರಿಗೆ ತಡವಾದ ಬಸ್ಸಿನ ವ್ಯವಸ್ಥೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ದೇಹದಲ್ಲಿ ಅದರ ಅರ್ಧಾಯುಷ್ಯ ಸುಮಾರು ಹತ್ತು ದಿನ, ನೀರು, ಮಜ್ಜಿಗೆ ಹೆಚ್ಚು ಕುಡಿದರೆ ಬೇಗ ಇಳಿಯುತ್ತದೆ.

ಮುಖಕ್ಕೆ ರೆಸ್ಪಿರೇಟರ್ ಹಾಕಿದರೆ ಸಾಕು ಎಂಬ ನಂಬಿಕೆ ಮುರಿಯುವುದು ಕಷ್ಟ. ಟ್ರಿಟಿಯಂ ಆವಿಯ ಸುಮಾರು ಮೂರನೇ ಒಂದು ಪಾಲು ಚರ್ಮದ ಮೂಲಕವೇ ಒಳಸೇರುತ್ತದೆ. ಮಾಡರೇಟರ್ (ನ್ಯೂಟ್ರಾನುಗಳ ವೇಗ ತಗ್ಗಿಸುವ ಭಾರಜಲದ) ವ್ಯವಸ್ಥೆ ಬಿಚ್ಚುವ ಕೆಲಸಕ್ಕೆ ಗಾಳಿ ಪೂರೈಕೆಯ ಪ್ಲಾಸ್ಟಿಕ್ ಸೂಟೇ ಬೇಕು, ಮತ್ತು ಅದು ಸೋರುವುದು ಮಣಿಕಟ್ಟಿನಲ್ಲಿ: ಕೈಗವಸು ಸೂಟಿನ ತೋಳಿನೊಳಗೆ ಹೋಗಬೇಕೋ ಹೊರಗೋ ಎಂಬುದು ಕೆಲಸಗಾರ ಕೈ ಮೇಲೆತ್ತಿ ಮಾಡುವ ಕೆಲಸವೋ ಕೆಳಗೆ ಮಾಡುವ ಕೆಲಸವೋ ನೋಡಿ ತೀರ್ಮಾನಿಸಬೇಕು. ಇನ್ನೊಂದು ನಮ್ಮ ಜಿಲ್ಲೆಯದೇ ಸಮಸ್ಯೆ, ಕವಳ, ಅಂದರೆ ಎಲೆಯಡಿಕೆ. ವಿಕಿರಣ ಮಾಲಿನ್ಯ ಇರಬಹುದಾದ ಮೂರು ಮತ್ತು ನಾಲ್ಕನೇ ಝೋನಿನಲ್ಲಿ ತಿನ್ನುವುದು, ಕುಡಿಯುವುದು, ಕವಳ ಹಾಕುವುದು ಯಾವುದೂ ಇಲ್ಲ ಎಂದು ಎಲ್ಲರಿಗೂ ಗೊತ್ತು. ಹೊರಗೆ ಹಾಕಿಕೊಂಡು ದವಡೆಯಲ್ಲಿ ಒತ್ತಿಟ್ಟು ಒಳಗೆ ಹೋದರೆ ಅದು ‘ಒಳಗೆ ತಿಂದದ್ದಲ್ಲ’ ಎಂಬ ವಾದ ಬರುತ್ತದೆ. ಫಲಕ ಹಾಕಿ ಪ್ರಯೋಜನವಿಲ್ಲ. ಬಟ್ಟೆ ಬದಲಿಸುವ ಕೋಣೆಯ ಹೊರಗೆ ಬಾಯಿ ತೊಳೆಯುವ ಸಿಂಕು ಮತ್ತು ಕವಳದ ಸಂಚಿ ಇಡಲು ಹೆಸರು ಬರೆದ ಗೂಡು ಇದ್ದರೆ ಜನ ತಾವಾಗಿ ಇಟ್ಟು ಹೋಗುತ್ತಾರೆ.

ಡೋಸ್ ಮಿತಿಗಳು ಸ್ಪಷ್ಟ: ವಿಕಿರಣ ಕೆಲಸಗಾರರಿಗೆ ಐದು ವರ್ಷದಲ್ಲಿ 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30, ತಾತ್ಕಾಲಿಕ ಕೆಲಸಗಾರರಿಗೆ ವರ್ಷಕ್ಕೆ 15, ಹೊರಗಿನ ಜನರಿಗೆ 1. ತೊಡಕು ಬರುವುದು ಹೆಸರುಗಳಲ್ಲಿ. ನಿಲುಗಡೆಗೆ ಬರುವ ಗುತ್ತಿಗೆ ಕೆಲಸಗಾರ ಬೇರೆ ಸ್ಥಾವರದಲ್ಲಿ ಆಗಲೇ ಡೋಸ್ ಪಡೆದಿರಬಹುದು. ಉತ್ತರ ಕನ್ನಡದ ಒಂದೇ ಊರಿನಿಂದ ಮೂವರು ಗಣಪತಿ ನಾಯ್ಕರು ಬರುತ್ತಾರೆ, ಒಬ್ಬ ಕಾಗದದಲ್ಲಿ ನಾಯ್ಕ, ಇನ್ನೊಬ್ಬ ನಾಯಕ, ಮತ್ತೊಬ್ಬ ನಾಯಿಕ. ಹೆಸರು ಹೊಂದಿಸಿ ಹಳೆ ಡೋಸ್ ತರಿಸಿದರೆ ಒಬ್ಬನದು ಇನ್ನೊಬ್ಬನ ಖಾತೆಗೆ ಬೀಳುತ್ತದೆ. ತಂದೆಯ ಹೆಸರು, ಹುಟ್ಟಿದ ದಿನಾಂಕ, ಗುರುತಿನ ಚೀಟಿಯ ಸಂಖ್ಯೆ ಮೂರೂ ತಾಳೆಯಾಗದೆ ಟಿಎಲ್‌ಡಿ ಕೊಡಬಾರದು.

ಇಷ್ಟೆಲ್ಲ ಮಾಡಿದರೂ ಸ್ಥಾವರದಲ್ಲಿ ಕೈಕಾಲು ಮುರಿಯುವುದು ವಿಕಿರಣದಿಂದ ಅಲ್ಲ. ಎತ್ತರದಿಂದ ಬೀಳುವುದು, ಕ್ರೇನು, ವಿದ್ಯುತ್, ಮುಚ್ಚಿದ ಟ್ಯಾಂಕು. ಟ್ಯಾಂಕಿಗೆ ಇಳಿಯುವ ಮೊದಲು ಆಮ್ಲಜನಕ 19.5ರಿಂದ 23.5 ಶೇಕಡಾ ನಡುವೆ ಇದೆಯೇ ಎಂದು ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು. ವೆಲ್ಡಿಂಗಿನ ಆರ್ಗಾನ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಊಟ ಮುಗಿಸಿ ವಾಪಸು ಇಳಿಯುವಾಗ ಮತ್ತೆ ಅಳೆಯಬೇಕು ಎಂಬುದನ್ನು ಪರ್ಮಿಟಿನಲ್ಲೇ ಮುದ್ರಿಸಬೇಕು, ಬಾಯಿಮಾತಿಗೆ ಬಿಡಬಾರದು.

ಎಇಆರ್‌ಬಿಯ ತಪಾಸಣೆ ಬರುವ ವಾರ ಬಣ್ಣ ಬಳಿಸುವ ಚಟ ಎಲ್ಲ ಕಾರ್ಖಾನೆಗಳಲ್ಲೂ ಇದೆ. ಅನುಭವಿ ತಪಾಸಕ ಹಸಿ ಬಣ್ಣ ಕಂಡರೆ ಮೊದಲು ಅದರ ಹಿಂದೆಯೇ ನೋಡುತ್ತಾನೆ. ಕಂಡುಬಂದದ್ದನ್ನು ಅವರು ಐದು ವರ್ಗ ಮಾಡುತ್ತಾರೆ: ಟೆಕ್ ಸ್ಪೆಕ್ ಮತ್ತು ಕಾನೂನಿನಿಂದ ಸರಿದದ್ದು ಒಂದನೆಯದು, ಸುರಕ್ಷತಾ ಉಪಕರಣಗಳ ಕೊರತೆ ಎರಡನೆಯದು, ವಿನ್ಯಾಸದ ಕೊರತೆ ಮೂರನೆಯದು, ವಿಧಾನಪತ್ರದ ಲೋಪ ನಾಲ್ಕನೆಯದು, ಸ್ವಚ್ಛತೆ ಇತ್ಯಾದಿ ಐದನೆಯದು. ವಿಭಾಗಗಳು ವರ್ಗ ಇಳಿಸಲು ಜಗಳ ಮಾಡುತ್ತವೆ. ನಾನು ಆ ಜಗಳಕ್ಕೆ ಸಮಯ ಕೊಡುತ್ತಿರಲಿಲ್ಲ. ಐದನೇ ವರ್ಗದ ಹತ್ತು ಅಂಶ ಒಂದೇ ಕೋಣೆಯಿಂದ ಬಂದಿದ್ದರೆ ಆ ಕೋಣೆಗೆ ಯಾರೂ ಹೋಗುತ್ತಿಲ್ಲ ಎಂದರ್ಥ; ಅಲ್ಲಿ ಎರಡನೇ ವರ್ಗದ್ದೂ ಒಂದು ಇದ್ದೇ ಇರುತ್ತದೆ, ಅದನ್ನು ನಾವೇ ಹುಡುಕಬೇಕು.

ಘಟನೆಯ ವರದಿ ಬರೆಯುವಾಗ ಮೊದಲ ಕೆಲಸ ಗಡಿಯಾರಗಳನ್ನು ಹೊಂದಿಸುವುದು. ಕಂಟ್ರೋಲ್ ರೂಮಿನ ಲಾಗ್, ಕಂಪ್ಯೂಟರಿನ ಘಟನಾಕ್ರಮದ ಮುದ್ರಣ, ಸ್ವಿಚ್‌ಯಾರ್ಡಿನ ಫಾಲ್ಟ್ ರೆಕಾರ್ಡರ್, ಮೂರರಲ್ಲೂ ಸಮಯ ಬೇರೆ ಇದ್ದರೆ ಕಾರಣ ಪರಿಣಾಮವಾಗಿ, ಪರಿಣಾಮ ಕಾರಣವಾಗಿ ಕಾಣುತ್ತದೆ. ಯಾವುದು ಎಷ್ಟು ಸೆಕೆಂಡ್ ಮುಂದೆ ಎಂದು ಬರೆದಿಟ್ಟುಕೊಂಡ ಮೇಲೆಯೇ ಸರಣಿ ಜೋಡಿಸಬೇಕು. ‘ಆಪರೇಟರ್ ತಪ್ಪು’ ಎಂದು ನಿಂತ ವರದಿಯನ್ನು ಎಸ್‌ಒಆರ್‌ಸಿಯಿಂದ ವಾಪಸು ಕಳಿಸಬೇಕು: ಎರಡು ಹಿಡಿಕೆ ಒಂದೇ ಆಕಾರದಲ್ಲಿ ಪಕ್ಕಪಕ್ಕ ಇದ್ದವೇ, ಪಾಳಿ ಬದಲಾವಣೆಯ ಹೊತ್ತೇ, ವಿಧಾನಪತ್ರದ ಆ ಹೆಜ್ಜೆ ಪುಟದ ಕೊನೆಯಲ್ಲಿ ಇತ್ತೇ.

ಸ್ಥಾವರದ ಹೊರಗಿನ ತುರ್ತು ಸಿದ್ಧತೆಯಲ್ಲಿ ನಾಯಕತ್ವ ನಮ್ಮದಲ್ಲ, ಕಾರವಾರದಲ್ಲಿ ಕೂರುವ ಜಿಲ್ಲಾಧಿಕಾರಿಯವರದು. ಯೋಜನೆಯ ವ್ಯಾಪ್ತಿ 16 ಕಿ.ಮೀ., ಅದು 22.5 ಡಿಗ್ರಿಯ ಹದಿನಾರು ಹೋಳು. ಅಣಕು ಕಾರ್ಯಾಚರಣೆ ಎರಡು ವರ್ಷಕ್ಕೊಮ್ಮೆ. ಕಾಗದದ ಮೇಲೆ ಗಾಳಿ ನೇರ ಬೀಸುತ್ತದೆ, ಕಾಳಿಯ ಕಣಿವೆಯಲ್ಲಿ ಹಾಗಲ್ಲ. ಗುಡ್ಡದ ನಡುವಿನ ಕಣಿವೆಗಳಲ್ಲಿ ರಾತ್ರಿ ತಣ್ಣನೆಯ ಗಾಳಿ ಇಳಿಜಾರು ಹಿಡಿದು ಹೊಳೆಯ ಜತೆ ಕೆಳಗೆ ಹರಿಯುತ್ತದೆ. ಹಗಲಿನ ದಿಕ್ಕು ನಂಬಿ ಹೋಳು ಆರಿಸಿದರೆ ತಪ್ಪುತ್ತದೆ. ಆದ್ದರಿಂದ ಅಣಕನ್ನು ಬರೀ ಹಗಲು ಹೊತ್ತಿಗೆ, ಬರೀ ಬೇಸಿಗೆಗೆ ಇಟ್ಟುಕೊಳ್ಳುವುದು ಸರಿಯಲ್ಲ.

ಸೈರನ್ ಬಗ್ಗೆ ವಿಶೇಷ ಎಚ್ಚರ ಬೇಕು. ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವಾಗಲೂ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಆ ಎಚ್ಚರಿಕೆಯ ಅರ್ಥ ಮನೆ ಬಿಟ್ಟು ಎತ್ತರಕ್ಕೆ ಹೋಗಿ ಎಂದು. ಸ್ಥಾವರದ ಎಚ್ಚರಿಕೆಯ ಅರ್ಥ ಇದಕ್ಕೆ ತದ್ವಿರುದ್ಧ: ಮನೆಯೊಳಗೆ ಹೋಗಿ ಬಾಗಿಲು ಕಿಟಕಿ ಮುಚ್ಚಿಕೊಳ್ಳಿ, ಹೇಳುವವರೆಗೆ ಹೊರಬರಬೇಡಿ. ಆಗಸ್ಟ್ ತಿಂಗಳ ಮಳೆಯಲ್ಲಿ ದೂರದಿಂದ ಕೇಳುವವರಿಗೆ ಸೈರನ್ ಸೈರನ್ನೇ. ಬರೀ ಸದ್ದನ್ನು ನಂಬದೆ ಅದರ ಹಿಂದೆಯೇ ಧ್ವನಿವರ್ಧಕದ ವಾಹನ ಹೋಗಬೇಕು, ಮಾತು ಕನ್ನಡ, ಕೊಂಕಣಿ ಎರಡರಲ್ಲೂ ಇರಬೇಕು, ಮತ್ತು ಮೊದಲ ವಾಕ್ಯದಲ್ಲೇ ‘ಒಳಗೆ ಹೋಗಿ’ ಬರಬೇಕು. ಯಾರು ಹೇಳುತ್ತಿದ್ದಾರೆ, ಯಾವ ಆದೇಶದ ಮೇರೆಗೆ ಎಂಬ ಪೀಠಿಕೆ ಆಮೇಲೆ. ಗುತ್ತಿಗೆ ಕೆಲಸಗಾರರ ಶೆಡ್ಡುಗಳಿಗೆ ಹಿಂದಿಯೂ ಬೇಕು.

ವಿಕಿರಣಶೀಲ ಅಯೋಡಿನ್ ಥೈರಾಯ್ಡ್ ಸೇರದಂತೆ ಕೊಡುವ ಅಯೋಡಿನ್ ಮಾತ್ರೆಗಳ ಲೆಕ್ಕ ಸರಳ, ನಿರ್ವಹಣೆ ಸರಳವಲ್ಲ. 170 ಮಿಲಿಗ್ರಾಂ ಪೊಟ್ಯಾಸಿಯಂ ಅಯೋಡೇಟಿನಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ, ವಯಸ್ಕರಿಗೆ ಒಂದು. ಮೂರರಿಂದ ಹನ್ನೆರಡು ವರ್ಷಕ್ಕೆ ಅರ್ಧ, ಒಂದು ತಿಂಗಳಿಂದ ಮೂರು ವರ್ಷಕ್ಕೆ ಕಾಲು, ನವಜಾತ ಶಿಶುವಿಗೆ ಎಂಟನೇ ಒಂದು. ಎಂಟನೇ ಒಂದು ಭಾಗವನ್ನು ಯಾರೂ ಉಗುರಿನಿಂದ ಮುರಿಯಲಾರರು. ಪುಡಿ ಮಾಡಿ ನೀರಿನಲ್ಲಿ ಕಲಸಿ ಚಮಚದ ಲೆಕ್ಕದಲ್ಲಿ ಕೊಡುವುದನ್ನು ಆಶಾ ಕಾರ್ಯಕರ್ತೆಯರ ಕೈಯಲ್ಲೇ ಮಾಡಿಸಿ ತೋರಿಸಬೇಕು. ವಿಕಿರಣಶೀಲ ಅಯೋಡಿನ್ ತಲುಪುವ ಮೊದಲು, ಇಲ್ಲವೇ ಕೆಲವೇ ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ಮಾತ್ರೆ ತಾಲೂಕು ಕೇಂದ್ರದ ಬೀರುವಿನಲ್ಲಿದ್ದು ಬೀಗದ ಕೈ ರಜೆಯ ಮೇಲೆ ಹೋದವರ ಹತ್ತಿರ ಇದ್ದರೆ ಅವಧಿ ಮುಗಿಯದ ಮಾತ್ರೆಯೂ ಮುಗಿದದ್ದಕ್ಕೆ ಸಮ.

ಅಣಕಿನಲ್ಲಿ ಕಂಡ ಕೊರತೆಗಳನ್ನೂ ಸ್ಥಾವರದೊಳಗಿನ ಅದೇ ರಿಜಿಸ್ಟರಿಗೆ ಹತ್ತಿಸುತ್ತಿದ್ದೆವು, ಹುದ್ದೆಯ ಅಂಕಣದಲ್ಲಿ ತಹಶೀಲ್ದಾರ್, ಸಾರಿಗೆ ಡಿಪೋ ವ್ಯವಸ್ಥಾಪಕ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಎಂದು ಬರೆದು. ಅವರಿಗೆ ನಾವು ಆದೇಶ ಕೊಡಲಾಗದು, ನೆನಪಿಸಬಹುದು. ವರ್ಗಾವಣೆ ಅಲ್ಲಿ ನಮ್ಮಲ್ಲಿಗಿಂತ ಹೆಚ್ಚು, ಹಾಗಾಗಿ ಮೂರು ತಿಂಗಳಿಗೊಮ್ಮೆ ಫೋನ್ ಪಟ್ಟಿಯ ಪ್ರತಿ ಸಂಖ್ಯೆಗೂ ಕರೆ ಮಾಡಿ ಯಾರು ಎತ್ತುತ್ತಾರೆ ನೋಡುವುದು, ಎತ್ತಿದವರು ಹೊಸಬರಾಗಿದ್ದರೆ ಅದೇ ವಾರ ಹೋಗಿ ಯೋಜನೆಯ ಅವರ ಪುಟ ಮಾತ್ರ ಕೊಟ್ಟು ಬರುವುದು. ಇಡೀ ಪುಸ್ತಕ ಕೊಟ್ಟರೆ ಕಪಾಟು ಸೇರುತ್ತದೆ, ಒಂದು ಪುಟ ಮೇಜಿನ ಗಾಜಿನ ಕೆಳಗೆ ಉಳಿಯುತ್ತದೆ.